ಅರವತ್ತನಾಲ್ಕು ಅಡಿ ಕೆಳಗಿನ ಸೂರು

ನಮ್ಮೂರಿನ ಬಡಗಿಯನ್ನು ಎಲ್ಲರೂ ಕಣ್ಣಳತೆ ಎಂದೇ ಕರೆಯುತ್ತಿದ್ದರು. ತಾಯಿತಂದೆ ಇಟ್ಟ ಹೆಸರೊಂದು ಅವನಿಗೂ ಇದ್ದಿರಬೇಕು. ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಗೋಡೆ ಎದ್ದು ನಿಂತ ಮನೆಯೊಳಗೆ ಹೋಗಿ ನಟ್ಟನಡುವೆ ನಿಲ್ಲುವನು. ತಲೆಯನ್ನು ಹಿಂದಕ್ಕೆ ವಾಲಿಸಿ, ಬಲಗಣ್ಣು ಮುಚ್ಚಿ, ಎಡಗಣ್ಣನ್ನು ಅರ್ಧ ತೆರೆದು, ಇನ್ನೂ ಇಲ್ಲದ ಸೂರನ್ನು ನೋಡುವನು. ಆ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕೋಳಿ ಒಳಗೆ ಬಂದರೆ ಅದನ್ನೂ ಸದ್ದಾಗದ ಹಾಗೆ ಅಟ್ಟುತ್ತಿದ್ದರು. ಗಾಳಿ, ಬಿಸಿಲು, ಒಂದೆರಡು ಮೋಡ, ಇವುಗಳ ನಡುವೆ ಅವನಿಗೆ ತೊಲೆ ಕಾಣುತ್ತಿತ್ತು, ರೀಪು ಕಾಣುತ್ತಿತ್ತು, ಹಂಚಿನ ಸಾಲು ಕಾಣುತ್ತಿತ್ತು. ಆಮೇಲೆ ನಿದ್ದೆಯಿಂದ ಎದ್ದವನಂತೆ, ಗೋಡೆಯ ಮೇಲಿಂದ ಸೂರಿನ ನೆತ್ತಿ ಎಷ್ಟು ಎತ್ತರವಿರಬೇಕೆಂದು ಒಂದು ಅಳತೆ ಹೇಳುವನು. ಮರ ಕೊಯ್ಯುವುದು ಆ ಅಳತೆಗೆ. ನಲವತ್ತು ವರ್ಷಗಳಲ್ಲಿ ಊರಿನ ಅರವತ್ತು ಚಿಲ್ಲರೆ ಸೂರುಗಳು ಹೀಗೆ ಅವನ ಅರ್ಧ ತೆರೆದ ಕಣ್ಣಿನಿಂದ ಇಳಿದು ಗೋಡೆಗಳ ಮೇಲೆ ಕೂತಿದ್ದವು. ಒಂದೂ ಎದ್ದು ಹೋಗಿರಲಿಲ್ಲ.

ಊರಿನ ಆಸ್ಪತ್ರೆಯ ಮುಂದೆ ಒಂದು ಕಾಯುವ ಕೋಣೆ ಬೇಕೆಂದು ಬಹಳ ದಿನದಿಂದ ಮಾತಿತ್ತು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಆ ಎರಡು ದಿನ ಊರಿನ ಕೆಮ್ಮು, ನೆಗಡಿ, ಸೊಂಟನೋವುಗಳೆಲ್ಲ ಒಂದೇ ಮರದ ನೆರಳಿನಲ್ಲಿ ಒತ್ತೊತ್ತಾಗಿ ನಿಂತು, ಬಂದಾಗ ಇಲ್ಲದ ಕಾಯಿಲೆಯನ್ನೂ ಅಂಟಿಸಿಕೊಂಡು ಮನೆಗೆ ಹೋಗುತ್ತಿದ್ದವು. ಕೊನೆಗೆ ಕೆರೆಯ ಪಕ್ಕದಲ್ಲಿ, ಆಸ್ಪತ್ರೆಗೆ ಅಂಟಿಕೊಂಡ ಹಾಗೆ, ಇಪ್ಪತ್ತು ಅಡಿ ಅಗಲದ ಕೋಣೆಯ ಗೋಡೆಗಳು ಎದ್ದವು. ಸೂರು ಯಾರದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕಣ್ಣಳತೆ ಹೋಗಿ ನಡುವೆ ನಿಂತ, ನೋಡಿದ, "ಐದು ಮುಕ್ಕಾಲು ಅಡಿ" ಎಂದು ಹೇಳಿ, ಕಚೇರಿಗೆ ಹೋಗಿ ಕೆಲಸದ ಕಾಗದ ಕೇಳಿದ.

ಗುಮಾಸ್ತ ಒಂದು ನಮೂನೆಯನ್ನು ಅವನ ಮುಂದಿಟ್ಟ.

"ಹೊಸ ಕ್ರಮ ಬಂದಿದೆ. ಸೂರು ಮಾಡೋನೇ ನೆತ್ತಿಯ ಎತ್ತರದ ಲೆಕ್ಕ ಮಾಡಬೇಕು. ತನ್ನ ಕೈಯಾರೆ ಬರೆದು ಸಹಿ ಹಾಕಬೇಕು. ಸೂತ್ರ ಇಲ್ಲೇ ಅಚ್ಚಾಗಿದೆ ನೋಡಿ. ಅರ್ಧ ಅಗಲ, ಗುಣಿಸು ಟ್ಯಾನ್, ಬ್ರ್ಯಾಕೆಟ್ಟಿನಲ್ಲಿ ಇಳಿಜಾರಿನ ಕೋನ. ಇಳಿಜಾರು ಮೂವತ್ತು ಡಿಗ್ರಿ ಅಂತ ಮೇಲಿನೋರೇ ಹೇಳಿದ್ದಾರೆ. ಹದಿನೈದು ದಿನ ಟೈಮು."

"ಹದಿನೈದು ದಿನದಲ್ಲಿ ಆಗದಿದ್ದರೆ?"

"ತಗಡು."

"ತಗಡು ಅಂದರೆ?"

"ತಗಡು ಅಂದರೆ ತಗಡು. ನಿಮ್ಮ ಭಾಮೈದ."

ಕಣ್ಣಳತೆಯ ಹೆಂಡತಿಯ ತಮ್ಮ ತಗಡಿನ ಸೂರು ಬೆಸೆಯುವ ಕೆಲಸ ಮಾಡುತ್ತಿದ್ದ. ಬಿಸಿಲಿಗೆ ಬಾಣಲೆಯಂತೆ ಕಾಯುವ, ಮಳೆಗೆ ಒಳಗಿದ್ದವರ ಮಾತು ಒಬ್ಬರಿಗೊಬ್ಬರಿಗೆ ಕೇಳದಂತೆ ಮಾಡುವ ಸೂರು ಅದು. ಎರಡು ದಿನದಲ್ಲಿ ಮುಗಿಯುತ್ತಿತ್ತು. ಭಾವನ ಕೈಯಲ್ಲಿದ್ದ ಕೆಲಸ ಒಂದೊಂದಾಗಿ ತನ್ನ ಕಡೆ ಬರುತ್ತಿದ್ದುದರಿಂದ ಭಾಮೈದನ ಬಾಯಿಯೂ ಇತ್ತೀಚೆಗೆ ಸ್ವಲ್ಪ ದೊಡ್ಡದಾಗಿತ್ತು. "ಭಾವ, ನಿಮಗೂ ವಯಸ್ಸಾಯ್ತು. ನನ್ನ ಏಣಿ ಹಿಡ್ಕೊಳ್ಳೋಕೆ ಒಬ್ಬರು ಬೇಕು, ನಂಬಿಗಸ್ತರು," ಎಂದು ನಾಲ್ಕು ಜನರ ಮುಂದೆ ಅಂದಿದ್ದ. ಕಾಯುವ ಕೋಣೆ ಕೈತಪ್ಪಿದರೆ ಊರಿನಲ್ಲಿ ಇನ್ನು ಮರದ ಸೂರಿನ ಕೆಲಸ ಇಲ್ಲವೆಂದೇ ಲೆಕ್ಕ. ಆಮೇಲೆ ಉಳಿಯುವುದು ಆ ಏಣಿಯೊಂದೇ.

"ಇದಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕಾಗುತ್ತೆ. ಉಪಯೋಗಿಸೋಕೆ ಬರುತ್ತಾ ನಿಮಗೆ?" ಎಂದು ಗುಮಾಸ್ತ ಕೇಳಿದ.

"ಬರದೆ ಏನು?" ಎಂದ ಕಣ್ಣಳತೆ.

ಊರಿನ ಮೇಲೆ ಆ ತಿಂಗಳು ಬಂದದ್ದೆಲ್ಲ ಈ ಎರಡು ಪದಗಳ ಬಾಲ ಹಿಡಿದುಕೊಂಡೇ ಬಂತು.

ಪೇಟೆಯಿಂದ ಅವನು ತಂದ ಕ್ಯಾಲ್ಕುಲೇಟರು ಅಂಗೈ ಅಗಲವಿತ್ತು. ಅದರ ಜೊತೆಗೆ ಅರ್ಧಚಂದ್ರದಂಥ ಪ್ಲಾಸ್ಟಿಕ್ಕಿನ ಕೋನಮಾಪಕವೊಂದನ್ನು ಅಂಗಡಿಯವನು ಬಿಟ್ಟಿ ಕೊಟ್ಟಿದ್ದ. ಹೇಗೆ ಬಳಸಬೇಕೆಂಬ ಕಾಗದವೂ ಇತ್ತು. ಅದನ್ನು ಬಿಚ್ಚುತ್ತಾ ಹೋದರೆ ಹಾಸಿಗೆಯಷ್ಟಾಗುತ್ತಿತ್ತು, ಹನ್ನೊಂದು ಭಾಷೆಗಳಲ್ಲಿ ಬರೆದಿತ್ತು. ಆ ಹನ್ನೊಂದರಲ್ಲಿ ನಮ್ಮದು ಇರಲಿಲ್ಲ. ಅವನ ಹೆಂಡತಿ ಅದನ್ನು ನೀಟಾಗಿ ಕತ್ತರಿಸಿ ಗೋಡೆಗೂಡಿನ ತಳಕ್ಕೆ ಹಾಸಿದಳು.

ಹೊಸ ಉಳಿ ತಂದರೂ, ಹೊಸ ಗರಗಸ ತಂದರೂ ಅವನದೊಂದು ಪದ್ಧತಿ ಇತ್ತು. ಕೆಲಸಕ್ಕೆ ಹಚ್ಚುವ ಮೊದಲು ಅದರ ಮೈಯನ್ನೆಲ್ಲ ಒಮ್ಮೆ ಮುಟ್ಟಿ ನೋಡುವುದು, ಎಲ್ಲಿ ಚೂಪು, ಎಲ್ಲಿ ಮೊಂಡು, ಎಲ್ಲಿ ಅಲುಗಾಡುತ್ತದೆ ಎಂದು ಬೆರಳಿಗೆ ಪರಿಚಯ ಮಾಡಿಸುವುದು. ಹಾಗೆಯೇ ಜಗಲಿಯ ಮೇಲೆ ಕೂತು, ಕ್ಯಾಲ್ಕುಲೇಟರಿನ ನಲವತ್ತೇಳು ಗುಂಡಿಗಳನ್ನೂ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೂ ಬಿಡದೆ ಒತ್ತಿದ. ಒತ್ತಿದಾಗ ಪರದೆಯ ಮೇಲೆ ಏನೇನೋ ಬಂದು ಹೋಯಿತು. ಏನೋ ಕೇಳಿತು. ಇವನು ಅದಕ್ಕೆ ಉತ್ತರವಾಗಿ ಮುಂದಿನ ಗುಂಡಿ ಒತ್ತಿದ. ಕೊನೆಗೆ ಅದೇ ಸುಮ್ಮನಾಯಿತು. "ಈಗ ಪಳಗಿತು," ಎಂದ.

ಆಮೇಲೆ ಪರೀಕ್ಷೆ ಮಾಡಿದ. ಎರಡು ಎರಡು ಎಷ್ಟು? ನಾಲ್ಕು. ಏಳು ಎಂಟಲ? ಐವತ್ತಾರು. ತನಗೆ ಗೊತ್ತಿರುವ ವಿಷಯದಲ್ಲಿ ಅದು ಒಂದು ಸುಳ್ಳೂ ಹೇಳಲಿಲ್ಲ. ಗೊತ್ತಿರುವುದರಲ್ಲಿ ಸುಳ್ಳು ಹೇಳದವನು ಗೊತ್ತಿಲ್ಲದ್ದರಲ್ಲಿ ಯಾಕೆ ಹೇಳುತ್ತಾನೆ ಎಂಬುದು ಅವನ ವಾದ. ಇದೇ ವಾದದಿಂದ ನಮ್ಮಲ್ಲಿ ಎಷ್ಟೋ ಮದುವೆಗಳು ಆಗಿವೆ.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ನಮೂನೆಯನ್ನು ಮೂಗಿನ ಹತ್ತಿರ ಹಿಡಿದು, ಹತ್ತು ಒತ್ತಿದ, ಗುಣಿಸು ಒತ್ತಿದ, ಟ್ಯಾನ್ ಒತ್ತಿದ, ಮೂವತ್ತು ಒತ್ತಿದ. ಸಮ ಒತ್ತುವ ಮುನ್ನ ಬೆರಳನ್ನು ಒಮ್ಮೆ ಒರೆಸಿಕೊಂಡ.

"ಎಷ್ಟಂತೆ?" ಎಂದಳು.

ಅವಳೇ ಬಂದು ಬಗ್ಗಿ ನೋಡಿದಳು. "ಅರವತ್ತನಾಲ್ಕು. ಅದರ ಮುಂದೆ ಒಂದು ಅಡ್ಡಗೀಟು. ಅದ್ಯಾಕೆ?"

"ಅದು ಮೈನಸ್ಸು."

"ಅಂದರೆ?"

"ಅಂದರೆ," ಎಂದು ಅವನು ಬಹಳ ಹೊತ್ತು ಅಂಗಳದ ಮಣ್ಣನ್ನು ನೋಡಿದ. "ಅಂದರೆ ಕೆಳಗೆ."

"ಸೂರು ಕೆಳಗಾ?"

"ಅರವತ್ತನಾಲ್ಕು ಅಡಿ ಕೆಳಗೆ."

"ಮತ್ತೆ ನೀವು ಐದು ಮುಕ್ಕಾಲು ಅಂದಿರಿ?"

ಅವನು ಮತ್ತೊಮ್ಮೆ ಒತ್ತಿದ. ಮೂರು ಸಲ, ಐದು ಸಲ. ಬೆಳಿಗ್ಗೆ ಕೇಳಿದ, ಊಟವಾದ ಮೇಲೆ ಕೇಳಿದ. ಅದು ಹೇಳಿದ್ದನ್ನೇ ಹೇಳಿತು. ಬಿಸಿಲಿನಿಂದ ನಡೆಯುವ ಯಂತ್ರ ಅದು. ಮೋಡ ಬಂದರೆ ಅಂಕಿಗಳು ನಿಧಾನವಾಗಿ ಮಸುಕಾಗಿ ಎಲ್ಲೋ ಹೋಗುತ್ತಿದ್ದವು. ಮೋಡ ಸರಿದರೆ ಅರವತ್ತನಾಲ್ಕು ಮತ್ತೆ ಮೆಲ್ಲಗೆ ಕಣ್ಣು ಬಿಡುತ್ತಿತ್ತು, ಮುಂದೆ ಅಡ್ಡಗೀಟನ್ನು ಹಿಡಿದುಕೊಂಡೇ.

ಯಂತ್ರ ತಪ್ಪು ಹೇಳುತ್ತಿರಬಹುದು ಎಂದು ಅವನಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅವನಿಗೆ ಹೊಳೆದದ್ದು ಇನ್ನೊಂದು. ನಲವತ್ತು ವರ್ಷ ತನ್ನ ಕಣ್ಣೇ ತಪ್ಪು ಹೇಳುತ್ತಿತ್ತು!

ಸಂಜೆ ಅವನು ಕೆರೆಯ ದಂಡೆಗೆ ಹೋಗಿ ಕೂತ. ಆಚೆ ದಡದಲ್ಲಿ ಸೂರಿಲ್ಲದ ಕಾಯುವ ಕೋಣೆ ನಿಂತಿತ್ತು. ನೀರಿನಲ್ಲಿ ಅದೇ ಕೋಣೆ ತಲೆಕೆಳಗಾಗಿ ನಿಂತಿತ್ತು. ನೋಡುತ್ತಾ ನೋಡುತ್ತಾ ಅವನಿಗೆ ಅರ್ಥವಾಗತೊಡಗಿತು. ಅಲ್ಲಿಗೆ ಸೂರು ಇಟ್ಟರೆ ಅದು ಕೆಳಕ್ಕೆ ಹೋಗುತ್ತದೆ. ನೆತ್ತಿ ಕೆಳಗೆ, ನೀರಿನ ಆಳದಲ್ಲಿ, ಮೀನುಗಳು ಹಂಚಿನ ಮೇಲೆ ಗುಬ್ಬಿಗಳ ಹಾಗೆ ಕೂತಿರುತ್ತವೆ. ಅದು ಇಳಿಯುತ್ತಾ ಇಳಿಯುತ್ತಾ ಅರವತ್ತನಾಲ್ಕು ಅಡಿಗೆ ಹೋಗಿ, ಅಲ್ಲಿ ತಣ್ಣಗೆ ಕತ್ತಲಲ್ಲಿ ನಿಲ್ಲುತ್ತದೆ. ಅಲ್ಲಿ ಸೋರುವ ಭಯವೇ ಇಲ್ಲ.

ಬಟ್ಟೆ ಜಾಲಿಸಲು ಬಂದಿದ್ದ ದರ್ಜಿಯ ಹೆಂಡತಿ, "ಏನು ಅಷ್ಟು ನೋಡ್ತಿದ್ದೀರಿ?" ಎಂದು ಕೇಳಿದಳು.

"ಸೂರು. ನಾನು ಇಷ್ಟು ದಿನ ಕಟ್ಟಿದ್ದೆಲ್ಲ ತಪ್ಪು," ಎಂದ ಅವನು, ನೀರಿನ ಕಡೆ ಕೈ ತೋರಿಸಿ.

ಆಕೆ ಬಟ್ಟೆಯನ್ನು ಅಲ್ಲೇ ಬಿಟ್ಟು ಊರೊಳಗೆ ಹೋದಳು. ಮಾರನೆಯ ಬೆಳಿಗ್ಗೆ ಕಣ್ಣಳತೆಯ ಮನೆ ಮುಂದೆ ಒಂಬತ್ತು ಜನ ನಿಂತಿದ್ದರು.

"ನೀನು ಕಟ್ಟಿದ್ದೆಲ್ಲ ತಪ್ಪಂತೆ, ಹೌದಾ?" ಎಂದ ಚಹಾದಂಗಡಿಯವನು. "ನನ್ನ ಅಂಗಡೀದು ಲೆಕ್ಕ ಹಾಕಿ ಹೇಳು. ಕೆಳಗೆ ಗಿರಾಕಿಗಳು ಕೂತಿರ್ತಾರೆ."

ಕಣ್ಣಳತೆ ಕೋನಮಾಪಕಕ್ಕೆ ಒಂದು ದಾರ ಕಟ್ಟಿ, ದಾರಕ್ಕೆ ಕಲ್ಲು ಕಟ್ಟಿ, ಅಂಗಡಿಯ ಸೂರಿನ ಇಳಿಜಾರನ್ನು ಅಳೆದ. ಇಪ್ಪತ್ತೆರಡು ಡಿಗ್ರಿ. ಒತ್ತಿದ. ಯಂತ್ರ ಹೇಳಿದ ಎತ್ತರ ಒಂದು ಅಂಗುಲ.

"ಒಂದು ಅಂಗುಲಾನಾ? ಈಗ ನಾಲ್ಕಡಿ ಇದೆಯಲ್ಲೋ!"

"ಮೂರಡಿ ಹನ್ನೊಂದು ಅಂಗುಲ ಜಾಸ್ತಿಯಾಗಿದೆ. ತಪ್ಪು ನನ್ನದು," ಎಂದ ಕಣ್ಣಳತೆ ತಲೆ ತಗ್ಗಿಸಿ.

ದರ್ಜಿಯ ಮನೆಯದು ಇಪ್ಪತ್ತು ಡಿಗ್ರಿ. ಚಹಾದಂಗಡಿಗಿಂತ ಎರಡೇ ಡಿಗ್ರಿ ಕಡಿಮೆ. ಆದರೆ ಯಂತ್ರ ಹೇಳಿದ್ದು ಹದಿನೆಂಟು ಅಡಿಗೆ ಒಂದೇ ಅಂಗುಲ ಕಮ್ಮಿ. ಇದ್ದದ್ದು ಮೂರಡಿ.

ದರ್ಜಿ ಹೆದರಿದ. ಅವನ ಹೆಂಡತಿ ಹೆದರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ತನ್ನ ಮನೆಯ ಮೇಲಿನ ಖಾಲಿ ಆಕಾಶವನ್ನು ಹದಿನೈದು ಅಡಿಯವರೆಗೆ ನೋಡಿದಳು.

"ಅಂದರೆ ನಮ್ಮದು ಊರಿಗೇ ಎತ್ತರದ ಸೂರು."

"ಆಗಬೇಕಿತ್ತು," ಎಂದ ಕಣ್ಣಳತೆ.

"ಆಗಬೇಕಿತ್ತು ಅಂದಮೇಲೆ ನಮ್ಮದೇ ತಾನೆ? ಆ ಜಾಗ ನಮ್ಮದೇ ತಾನೆ?"

ಅಂದಿನಿಂದ ಆಕೆ ಆ ಹದಿನೈದು ಅಡಿ ಗಾಳಿಗೆ ಕಾವಲು ಕೂತಳು. ಅದರೊಳಗೆ ಕಾಗೆ ಹಾರಿ ಬಂದರೆ ಕೋಲು ಎತ್ತಿ ಅಟ್ಟುವಳು. ಪಕ್ಕದ ಮನೆಯ ಹೊಗೆ ಆ ಕಡೆ ಬಂದರೆ, "ನಮ್ಮ ಅಟ್ಟಕ್ಕೆ ಹೊಗೆ ಬಿಡಬೇಡ್ರೀ" ಎಂದು ಕೂಗುವಳು. ಪಕ್ಕದ ಮನೆಯವರು ಮೊದಲು ನಕ್ಕರು. ನಾಲ್ಕು ದಿನ ಕಳೆದ ಮೇಲೆ ಅವರೂ ಒಲೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿಕೊಂಡರು.

ಚಹಾದಂಗಡಿಯವನ ಪಾಡು ಬೇರೆ. ಸೂರು ಒಂದಂಗುಲವಿರಬೇಕೆಂದು ತಿಳಿದ ಮೇಲೆ ಅವನಿಗೆ ನೆಟ್ಟಗೆ ನಿಲ್ಲಲು ಮನಸ್ಸೇ ಒಪ್ಪಲಿಲ್ಲ. ಬಗ್ಗಿ ನಡೆದ. ಬಗ್ಗಿಯೇ ಚಹಾ ಸೋಸಿದ. ಅವನನ್ನು ನೋಡಿ ಗಿರಾಕಿಗಳೂ ಬಾಗಿಲಲ್ಲಿ ತಲೆ ತಗ್ಗಿಸತೊಡಗಿದರು. ಒಳಗೆ ಮಾತು ಮೆಲ್ಲಗಾಯಿತು. ಜಗಳಗಳು ನಿಂತವು, ಯಾಕೆಂದರೆ ಬಗ್ಗಿಕೊಂಡು ಜಗಳವಾಡುವುದು ಕಷ್ಟ.

ಹೀಗೆ ಊರಿನಲ್ಲಿ ಪ್ರತಿ ಮನೆಗೂ ಎರಡೆರಡು ಸೂರುಗಳಾದವು. ಒಂದು ಇದ್ದದ್ದು, ಇನ್ನೊಂದು ಇರಬೇಕಾದದ್ದು. ಜನ ಇದ್ದದ್ದರ ಕೆಳಗೆ ಮಲಗಿ ಇರಬೇಕಾದದ್ದರ ಬಗ್ಗೆ ಕನಸು ಕಂಡರು. ಕಣ್ಣಳತೆಯೊಬ್ಬನೇ ಮೇಲೆ ನೋಡುವುದನ್ನು ಬಿಟ್ಟುಬಿಟ್ಟ. ಬೀದಿಯಲ್ಲಿ ನಡೆಯುವಾಗ ಅವನ ಕಣ್ಣು ಜನರ ಕಾಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಕೇಳಿದಳು: "ಊರೆಲ್ಲರದ್ದೂ ಲೆಕ್ಕ ಹಾಕಿದಿರಿ. ನಮ್ಮನೇದು?"

"ಬೇಡ."

"ಯಾಕೆ?"

ಅವನು ಕ್ಯಾಲ್ಕುಲೇಟರನ್ನು ಬೋರಲು ಹಾಕಿದ.

"ಸರಿ, ಹಾಕಬೇಡಿ. ಮೂವತ್ತು ವರ್ಷ ಅದರ ಕೆಳಗೆ ಮಲಗಿ ಎದ್ದಿದ್ದೀನಿ. ನನಗೆ ಅದರ ಲೆಕ್ಕ ಗೊತ್ತು."

ಹದಿನಾಲ್ಕನೆಯ ದಿನ ಅವನು ನಮೂನೆಯಲ್ಲಿ ದುಂಡಗೆ ಬರೆದ: ನೆತ್ತಿಯ ಎತ್ತರ, ಮೈನಸ್ ಅರವತ್ತನಾಲ್ಕು ಅಡಿ. ಕೆಳಗೆ ಸಹಿ ಹಾಕಿದ. ತಾನು ಕಾಣದ ಸೂರಿಗೆ ಸಹಿ ಹಾಕಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಕಚೇರಿಗೆ ಹೋಗುವಾಗ, ಇದನ್ನು ನೋಡಿ ಗುಮಾಸ್ತ ನಗುತ್ತಾನೆ, ನಕ್ಕರೆ ಒಳ್ಳೆಯದೇ, ಎಂದು ಅವನಿಗೆ ಒಳಗೊಳಗೇ ಅನ್ನಿಸುತ್ತಿತ್ತು.

ಗುಮಾಸ್ತ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದ. ಅವನ ಮುಖ ಅರಳಿತು.

"ಮೈನಸ್ಸು! ಅಂದರೆ ಉಳಿತಾಯ. ಅರವತ್ತನಾಲ್ಕು ಅಡಿ ಮರ ಉಳಿಸಿದ್ದೀರಿ. ಇಷ್ಟು ವರ್ಷದಲ್ಲಿ ಯಾವ ಮೇಸ್ತ್ರಿಯೂ ಕಚೇರಿಗೆ ಹೀಗೆ ಉಳಿಸಿಕೊಟ್ಟಿಲ್ಲ ಕಣ್ರೀ!" ಎಂದು ಮುದ್ರೆ ಒತ್ತಿದ. ಪಕ್ಕದ ಮೇಜಿನವನನ್ನು ಕರೆದು ತೋರಿಸಿದ. ಪಕ್ಕದ ಮೇಜಿನವನು ಎದ್ದು ಬಂದು ಕಣ್ಣಳತೆಯ ಕೈ ಕುಲುಕಿದ.

ಕಾಗದ ಅಲ್ಲಿಂದ ದೊಡ್ಡ ಕಚೇರಿಗೆ ಹೋಯಿತು. ದೊಡ್ಡ ಕಚೇರಿಯಲ್ಲಿ ನೆಲದ ಮೇಲಿನದಕ್ಕೆ ಒಂದು ಮೇಜು, ನೆಲದ ಕೆಳಗಿನದಕ್ಕೆ ಒಂದು ಮೇಜು. ಅರವತ್ತನಾಲ್ಕು ಅಡಿ ಕೆಳಗಿನ ಕಾಗದ ಯಾವ ಮೇಜಿಗೆ ಹೋಗಬೇಕೋ ಆ ಮೇಜಿಗೇ ನ್ಯಾಯವಾಗಿ ಹೋಯಿತು. ಅದು ಬಾವಿಗಳ ಮೇಜು. ಅವರೂ ತಮ್ಮ ಕೆಲಸವನ್ನು ತಡಮಾಡದೆ ಮಾಡಿದರು.

ವಾರ ಕಳೆದು ಒಂದು ಬೆಳಿಗ್ಗೆ ಬಾವಿ ತೋಡುವವನು ಬಂದ. ಎತ್ತರದ ಆಳು, ಮಾತು ಕಡಿಮೆ. ಹೆಗಲ ಮೇಲೆ ಗುದ್ದಲಿ, ಹಾರೆ, ಸುತ್ತಿದ ಹಗ್ಗ. ಕಾಯುವ ಕೋಣೆಯೊಳಗೆ ಹೋಗಿ, ನಡುಮಧ್ಯವನ್ನು ಹೆಜ್ಜೆಯಲ್ಲಿ ಅಳೆದು, ಸುಣ್ಣದಿಂದ ಒಂದು ದುಂಡು ಗೆರೆ ಎಳೆದ. ಸುದ್ದಿ ತಿಳಿದು ಕಣ್ಣಳತೆ ಓಡಿ ಬಂದ. ಹಿಂದೆ ಅವನ ಹೆಂಡತಿ, ಅವಳ ಹಿಂದೆ ದರ್ಜಿಯ ಹೆಂಡತಿ, ಬಗ್ಗಿಕೊಂಡು ಚಹಾದಂಗಡಿಯವನು, ಎಲ್ಲರ ಹಿಂದೆ ನಿಧಾನವಾಗಿ, ಬೆಸುಗೆಯ ಮುಖವಾಡವನ್ನು ನೆತ್ತಿಯ ಮೇಲೆ ಏರಿಸಿಕೊಂಡು, ಭಾಮೈದ.

"ಏನು ಮಾಡ್ತಿದ್ದೀಯ ಇಲ್ಲಿ?" ಎಂದ ಕಣ್ಣಳತೆ.

ಬಾವಿ ತೋಡುವವನು ಜೇಬಿನಿಂದ ಕಾಗದ ತೆಗೆದು ತೋರಿಸಿದ. ಕಾಯುವ ಕೋಣೆಯ ನಡುಮಧ್ಯ, ನೆಲದಿಂದ ಕೆಳಕ್ಕೆ, ಅರವತ್ತನಾಲ್ಕು ಅಡಿ. "ಸರಿದು ನಿಲ್ಲಿ," ಎಂದ.

ಕಣ್ಣಳತೆ ಸರಿಯಲಿಲ್ಲ. ಸುಣ್ಣದ ಗೆರೆಯೊಳಕ್ಕೆ ಹೋಗಿ ನಿಂತ. ಗೆರೆಯೊಳಗೆ ನಿಂತವನ ಕಾಲ ಕೆಳಗೆ ತೋಡಲು ಬರುವುದಿಲ್ಲವಾದ್ದರಿಂದ ಬಾವಿ ತೋಡುವವನು ಗೋಡೆಗೊರಗಿ ಕಾದ. ಅದು ಕಾಯುವ ಕೋಣೆಯೇ ತಾನೆ? ಅಲ್ಲಿ ಮೊದಲು ಕಾದವನು ಅವನೇ.

ಆ ಹೊತ್ತಿಗೆ ಇಂಜಿನಿಯರಮ್ಮನ ಬೈಕು ಬಂತು. ಹನ್ನೊಂದು ಊರುಗಳ ಕೆಲಸಕ್ಕೆ ಆಕೆಯೊಬ್ಬಳೇ. ಮುಖದ ಮೇಲೆ ಹನ್ನೊಂದೂ ಊರಿನ ದೂಳು ಇತ್ತು. ಸೂರಿನ ಕೆಲಸ ಎಲ್ಲಿಗೆ ಬಂದಿದೆ ನೋಡೋಣವೆಂದು ಒಳಗೆ ಬಂದವಳು ತಲೆಯೆತ್ತಿದರೆ ನೀಲಿ ಆಕಾಶ.

"ಸೂರು ಎಲ್ಲಿ?"

"ಕೆಳಗೆ," ಎಂದ ಬಾವಿ ತೋಡುವವನು. "ಇನ್ನೂ ತಲುಪಿಲ್ಲ."

ಆಕೆ ಅವನ ಕಾಗದವನ್ನು ಓದಿದಳು. ಕಡತದಿಂದ ಕಣ್ಣಳತೆಯ ನಮೂನೆ ತೆಗೆದು ಅದನ್ನೂ ಓದಿದಳು. ಬಿಸಿಲಿಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳು. ನೆಮ್ಮದಿಯಾಗಿ ನಿದ್ದೆ ಮಾಡಿ ಬಹಳ ದಿನವಾದವರು ಹಾಗೆ ನಿಲ್ಲುತ್ತಾರೆ.

"ಇದು ನೀವೇ ಬರೆದದ್ದಾ?"

"ಹೌದಮ್ಮ."

"ಇಲ್ಲಿ ಒಂದು ಬುಟ್ಟಿ ಮಣ್ಣು ತೆಗೆದರೂ ಗೋಡೆ ನಿಲ್ಲಲ್ಲ. ಈಗ ಹೇಳಿ. ಈ ಲೆಕ್ಕ ಸರಿ ಅಂದರೆ ಅವರು ತೋಡ್ತಾರೆ. ತಪ್ಪು ಅಂದರೆ, ಲೆಕ್ಕ ಬರದವರಿಗೆ ಕೆಲಸ ಕೊಡೋ ಹಾಗಿಲ್ಲ. ಯಾವುದು?"

"ತಗಡು ಸಿದ್ಧ ಇದೆ ಮೇಡಂ," ಎಂದ ಭಾಮೈದ. "ನಾಳಿದ್ದು ಸಂಜೆಯೊಳಗೆ ಮುಗಿಸ್ತೀನಿ. ಭಾವ ಏಣಿ ಹಿಡೀತಾರೆ."

"ಬಾಯಿ ಮುಚ್ಚೋ," ಎಂದಳು ಅವನ ಅಕ್ಕ.

ಕಣ್ಣಳತೆ ಗೆರೆಯೊಳಗೆ ನಿಂತಿದ್ದ. ಅದು ಕೋಣೆಯ ನಟ್ಟನಡು. ಎಷ್ಟೋ ದಿನದ ಮೇಲೆ ಅವನ ತಲೆ, ಕೇಳದೆಯೇ, ಮೆಲ್ಲಗೆ ಹಿಂದಕ್ಕೆ ವಾಲಿತು. ಬಲಗಣ್ಣು ಮುಚ್ಚಿತು. ಯಾರೂ ಮಾತಾಡಲಿಲ್ಲ. ಚಹಾದಂಗಡಿಯವನು ಕೂಡ, ತನಗೇ ಗೊತ್ತಾಗದ ಹಾಗೆ, ನೆಟ್ಟಗೆ ನಿಂತ. ಮೋಡವೊಂದು ಬಂದು, ಗೋಡೆಯಿಂದ ಗೋಡೆಗೆ ದಾಟಿ ಹೋಯಿತು.

"ಐದು ಮುಕ್ಕಾಲು," ಎಂದ.

"ಏನು?"

"ಆ ಯಂತ್ರ ಉಪಯೋಗಿಸೋಕೆ ನನಗೆ ಬರಲ್ಲಮ್ಮ. ಬರುತ್ತೆ ಅಂದೆ. ಅದು ಸುಳ್ಳು. ಈ ಕೋಣೆ ಸೂರು ಐದು ಮುಕ್ಕಾಲು ಅಡಿ. ಅದು ಸುಳ್ಳಲ್ಲ. ಏಣಿ ಬೇಕಾದರೆ ಹಿಡೀತೀನಿ. ಆದರೆ ಇಲ್ಲಿ ತೋಡಿಸಬೇಡಿ."

ಇಂಜಿನಿಯರಮ್ಮ ಕೈ ಚಾಚಿದಳು. ಅವನು ಕ್ಯಾಲ್ಕುಲೇಟರನ್ನು ಕೊಟ್ಟ. ಆಕೆ ಒಮ್ಮೆ ಅದೇ ಲೆಕ್ಕ ಮಾಡಿ, ಬಂದ ಉತ್ತರ ನೋಡಿ ಹುಬ್ಬು ಗಂಟಿಕ್ಕಿದಳು. ಆಮೇಲೆ ಪರದೆಯ ಮೇಲಿನ ಮೂಲೆಯಲ್ಲಿದ್ದ ಸಣ್ಣ ಅಕ್ಷರವನ್ನು ನೋಡಿದಳು.

"ಇದರ ಗುಂಡಿಗಳನ್ನ ಏನು ಮಾಡಿದಿರಿ?"

"ಎಲ್ಲಾನೂ ಒಂದೊಂದು ಸಲ ಒತ್ತಿದೆ. ಪರಿಚಯಕ್ಕೆ."

"ಅದಕ್ಕೇ ಅಳತೆ ಬದಲಾಗಿಬಿಟ್ಟಿದೆ. ಕೋನಕ್ಕೆ ಎರಡು ಮೂರು ಥರ ಅಳತೆ ಇದೆ. ನೀವು ಮೂವತ್ತು ಡಿಗ್ರಿ ಅಂತ ಕೊಟ್ಟಿರಿ. ಇದು ಮೂವತ್ತು ರೇಡಿಯನ್ ಅಂತ ತಗೊಂಡಿದೆ. ಒಂದು ರೇಡಿಯನ್ ಅಂದರೆ ಐವತ್ತೇಳು ಡಿಗ್ರಿಗೂ ಜಾಸ್ತಿ. ಪಾಪ, ಇದು ನಿಮ್ಮ ಸೂರನ್ನ ನಾಲ್ಕೈದು ಸುತ್ತು ತಿರುಗಿಸಿ ತಲೆಕೆಳಗು ಮಾಡಿ ನಿಲ್ಲಿಸಿದೆ."

"ಅಂದರೆ," ಎಂದಳು ಕಣ್ಣಳತೆಯ ಹೆಂಡತಿ, "ಇವರು ಗೇಣಿನಲ್ಲಿ ಕೇಳಿದ್ದು, ಅದು ಮಾರಿನಲ್ಲಿ ಕೇಳಿಸಿಕೊಂಡದ್ದು. ಅಷ್ಟೇ ತಾನೆ?"

"ಅಷ್ಟೇ," ಎಂದಳು ಇಂಜಿನಿಯರಮ್ಮ. ಕಾಲೇಜಿನಲ್ಲಿ ಇದನ್ನು ತನಗೆ ಯಾರೂ ಇಷ್ಟು ಬೇಗ ಹೇಳಿಕೊಟ್ಟಿರಲಿಲ್ಲ ಎಂಬುದು ಅವಳ ಮುಖದಲ್ಲಿತ್ತು. ಆಕೆ ಎರಡು ಗುಂಡಿ ಒತ್ತಿ ಯಂತ್ರವನ್ನು ಕಣ್ಣಳತೆಗೆ ವಾಪಸು ಕೊಟ್ಟಳು. "ಈಗ ನೀವೇ ಮಾಡಿ. ಎಲ್ಲರ ಎದುರಿಗೆ."

ಹತ್ತು. ಗುಣಿಸು. ಟ್ಯಾನ್. ಮೂವತ್ತು. ಅವನು ಬೆರಳು ಒರೆಸಿಕೊಂಡು ಸಮ ಒತ್ತಿದ.

"ಐದು ಪಾಯಿಂಟ್ ಏಳು ಏಳು," ಎಂದು ಭಾಮೈದನೇ ಬಗ್ಗಿ ಓದಿದ. ಓದಿದ ಮೇಲೆ ಮುಖವಾಡವನ್ನು ಕೆಳಗೆಳೆದುಕೊಂಡ. ಮುಖವಾಡದೊಳಗಿನಿಂದ ಅವನ ದನಿ ಬಂತು: "ಮುಕ್ಕಾಲು ಅಂದರೆ ಪಾಯಿಂಟ್ ಏಳು ಐದು. ಕಾಲಂಗುಲ ತಪ್ಪಿದೆ ಭಾವ!"

"ಹಂಚು ಹೊದಿಸಿದ ಮೇಲೆ ಮರ ಕಾಲಂಗುಲ ಕೂರುತ್ತೆ," ಎಂದ ಕಣ್ಣಳತೆ. "ನಾನು ಹೇಳಿದ್ದು ಕೂತ ಮೇಲಿನದು. ಈ ಯಂತ್ರಕ್ಕೆ ಹಂಚಿನ ಭಾರ ಗೊತ್ತಿಲ್ಲ ಅನ್ಸುತ್ತೆ. ಇನ್ನೂ ಹೊಸದು."

ಇಂಜಿನಿಯರಮ್ಮ ಹೊಸ ನಮೂನೆಯೊಂದನ್ನು ಕೊಟ್ಟಳು. ಲೆಕ್ಕ ಮಾಡಿದವನು ಅವನೇ, ಒತ್ತಿದ್ದು ಅವನ ಬೆರಳೇ, ಆರು ಜನ ಸಾಕ್ಷಿ. ಕ್ರಮದಲ್ಲಿ ಇದಕ್ಕಿಂತ ಹೆಚ್ಚು ಏನೂ ಕೇಳಿರಲಿಲ್ಲ. ಬಾವಿ ತೋಡುವವನು ಮಾತ್ರ ಹಗ್ಗದ ಸುರುಳಿಯನ್ನು ನೋಡುತ್ತಾ, "ನನ್ನ ಅರವತ್ತನಾಲ್ಕು?" ಎಂದ. ಆಸ್ಪತ್ರೆಯ ಹಿಂದೆ ತೋಡಲು ಆಕೆ ಜಾಗ ತೋರಿಸಿದಳು. ಅಲ್ಲಿ ಹತ್ತೊಂಬತ್ತನೆಯ ಅಡಿಗೇ ನೀರು ಬಂದು ಅವನಿಗೆ ಬಹಳ ಬೇಸರವಾಯಿತು.

ಚಹಾದಂಗಡಿಯವನು ಆ ದಿನದಿಂದ ನೆಟ್ಟಗೆ ನಡೆದ. ಜಗಳಗಳೂ ಮತ್ತೆ ಶುರುವಾದವು. ದರ್ಜಿಯ ಹೆಂಡತಿಗೆ ವಿಷಯವನ್ನು ಇಬ್ಬರು ಮೂವರು ತಿಳಿಸಿ ಹೇಳಿದರು. ಆಕೆ ಎಲ್ಲ ಕೇಳಿಸಿಕೊಂಡು, "ಇರಬಹುದು," ಎಂದು ಕೋಲು ತೆಗೆದುಕೊಂಡು ಕಾಗೆ ಅಟ್ಟಲು ಹೋದಳು.

ಮಳೆ ಹಿಡಿಯುವ ಮೊದಲೇ ಸೂರು ಮುಗಿಯಿತು. ಕೊನೆಯ ದಿನ ಹಂಚು ಹೊದಿಸುವಾಗ ಕಣ್ಣಳತೆಯ ಎಡಗಣ್ಣಿಗೆ ದೂಳು ಬಿತ್ತು. ಎರಡು ದಿನ ಉಜ್ಜಿಕೊಂಡ. ಮೂರನೆಯ ದಿನ ಡಾಕ್ಟರು ಬರುವ ದಿನವಾದ್ದರಿಂದ ಹೆಂಡತಿ ಅವನನ್ನು ಎಳೆದುಕೊಂಡು ಬಂದಳು.

ಕಾಯುವ ಕೋಣೆ ಅಂದು ತುಂಬಿತ್ತು. ಬೆಂಚುಗಳ ಮೇಲೆ ದರ್ಜಿಯ ಹೆಂಡತಿ, ಚಹಾದಂಗಡಿಯವನು, ಹೆಬ್ಬೆರಳು ಸುಟ್ಟುಕೊಂಡ ಭಾಮೈದ, ಸೊಂಟ ಹಿಡಿದುಕೊಂಡ ಬಾವಿ ತೋಡುವವನು. ಹೊಸ ಮರದ ವಾಸನೆ. ಹಂಚಿನ ಮೇಲೆ ಮೊದಲ ಮಳೆ ಮೆಲ್ಲಗೆ ಬೀಳುತ್ತಿತ್ತು, ಯಾರೋ ದೂರದಲ್ಲಿ ಕಾಳು ಕೇರುತ್ತಿರುವ ಹಾಗೆ. ಅರ್ಧ ಜನಕ್ಕೆ ಕಣ್ಣು ಎಳೆಯುತ್ತಿತ್ತು. ಡಾಕ್ಟರ ಕೋಣೆಯ ಬಾಗಿಲಿಗೆ ಇನ್ನೂ ಚಿಲಕ ಬಂದಿರಲಿಲ್ಲ. ಒಳಗಿನ ಮಾತು ಹೊರಗೆ ಚೆನ್ನಾಗಿ ಕೇಳುತ್ತಿತ್ತು.

"ದೂಳು ತೆಗೆದೆ," ಎಂದಿತು ಡಾಕ್ಟರ ದನಿ. "ಬಂದಿದ್ದೀರಿ, ಹಾಗೇ ದೃಷ್ಟಿಯೂ ನೋಡಿಬಿಡೋಣ. ಗೋಡೆ ಮೇಲಿನ ಅಕ್ಷರ ಓದಿ."

"ಯಾವ ಅಕ್ಷರ?"

"ಆ ಹಲಗೆ ಮೇಲಿನದು."

"ಯಾವ ಹಲಗೆ?"

ಹೊರಗೆ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

"ಬಲಗಣ್ಣಿನಿಂದ?"

"ಹಾಗೇ ಇದೆ."

"ಎಷ್ಟು ವರ್ಷದಿಂದ ಹೀಗೆ?"

"ಮೊದಲಿನಿಂದಲೂ ಹೀಗೇ. ಎಲ್ಲರಿಗೂ ಹೀಗೇ ಅಲ್ವಾ ಡಾಕ್ಟರೇ?"

"ಎಲ್ಲರಿಗೂ ಹೀಗಲ್ಲ ಮಾರಾಯರೇ! ಹತ್ತಡಿ ದೂರದ್ದೆಲ್ಲ ಮಸುಕಾಗಿ ಕಾಣುತ್ತಾ?"

"ಮಸುಕು ಅಂತಲ್ಲ," ಎಂದ ಕಣ್ಣಳತೆ ಯೋಚಿಸಿ. "ಮೆತ್ತಗೆ ಕಾಣುತ್ತೆ."

ಕಾಯುವ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬೊಬ್ಬರಾಗಿ, ನಿಧಾನವಾಗಿ, ಎಲ್ಲರೂ ತಲೆಯನ್ನು ಹಿಂದಕ್ಕೆ ವಾಲಿಸಿ ಮೇಲೆ ನೋಡಿದರು. ಗೋಡೆಯಿಂದ ಎದ್ದ ತೊಲೆಗಳು ಒಂದರ ಪಕ್ಕ ಒಂದು ಹೋಗಿ ನೆತ್ತಿಯಲ್ಲಿ ಕೂಡಿದ್ದವು. ಇಷ್ಟೂ ಓರೆಯಿಲ್ಲ. ರೀಪಿನ ಸಾಲು ಎಳೆದು ಕಟ್ಟಿದ ದಾರದಂತಿತ್ತು. ಮಳೆ ಜೋರಾಯಿತು. ಒಂದು ಹನಿಯೂ ಒಳಗೆ ಬೀಳಲಿಲ್ಲ.

ಕಣ್ಣಳತೆ ಚೀಟಿ ಹಿಡಿದುಕೊಂಡು ಹೊರಗೆ ಬಂದ. ಕೋಣೆತುಂಬ ಮೇಲಕ್ಕೆತ್ತಿದ ಮುಖಗಳು.

"ಏನಾಯ್ತು? ಸೋರ್ತಿದೆಯಾ?"

ಭಾಮೈದ ಬಾಯಿ ತೆರೆದ. ಅಕ್ಕನ ಕಡೆ ನೋಡಿದ. "ಇಲ್ಲ ಭಾವ," ಎಂದ.

"ಮತ್ತೆ ಎಲ್ಲರೂ ಮೇಲೆ ಏನು ನೋಡ್ತಿದ್ದೀರಿ?"

"ಏನಿಲ್ಲ," ಎಂದಳು ಅವನ ಹೆಂಡತಿ, ಬೆಂಚಿನಲ್ಲಿ ಸರಿದು ಜಾಗ ಮಾಡುತ್ತ. "ಚೆನ್ನಾಗಿದೆ ಅಂತ ನೋಡ್ತಿದ್ದೀವಿ. ಬನ್ನಿ, ಕೂತ್ಕೊಳ್ಳಿ. ಮಳೆ ನಿಲ್ಲಲಿ."